ತಂಬೂರಿ ಕೇಳುವ ತನಕ

ಸೂಜಿ ಇಳಿಸಿದ ಮೇಲೆ ಹಾಡು ಶುರುವಾಗುವ ಮೊದಲು ಹತ್ತು ಹನ್ನೆರಡು ಸೆಕೆಂಡು ಇರುತ್ತಲ್ಲ, ಎಲ್‌ಪಿ ರಿಕಾರ್ಡಿನಲ್ಲಿ ನನಗೆ ಅದೇ ಬಹಳ ಇಷ್ಟ. ನಮ್ಮ ಮನೆಯಲ್ಲಿ ಮಲ್ಲಿಕಾರ್ಜುನ ಮನ್ಸೂರರ ಒಂದು ಎಲ್‌ಪಿ ಇದೆ. ಅದರಲ್ಲಿ ಮೊದಲು ಬರೀ ತಂಬೂರಿ. ತಂತಿ ಮೀಟುತ್ತಾರೆ, ಆ ನಾದ ತೆಳ್ಳಗೆ ಹರಡುತ್ತದೆ, ಅದು ಆರುವ ಮೊದಲೇ ಮುಂದಿನ ತಂತಿ. ಆಮೇಲೆ ಮನ್ಸೂರರ ದನಿ. ಆ ದನಿ ಬರಲು ನೆಲ ಬೇಕು, ಆ ನೆಲ ತಂಬೂರಿ.

ಹೋದ ಬೇಸಿಗೆಯಲ್ಲಿ ಆ ನೆಲದ ಕೆಳಗೆ ಇನ್ನೊಂದು ಸದ್ದು ಕೇಳತೊಡಗಿತು. ಗುರ್‌ ಅಂತ ಸಣ್ಣದಾಗಿ ಬಂದು ಹೋಗುವುದು. ಮತ್ತೆ ಬರುವುದು. ಹಾಡು ಏರಿದಾಗ ಗೊತ್ತಾಗುತ್ತಿರಲಿಲ್ಲ. ತಂಬೂರಿ ಒಂದೇ ಇದ್ದಾಗ ಕಿವಿಗೆ ಚುಚ್ಚುತ್ತಿತ್ತು. ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯಲ್ಲಿ ರಾತ್ರಿ ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ, ಗಡಿಯಾರ ಹಿಡಿದು ಕೂತೆ. ಹತ್ತು ಸಲ ಬರಲು 18 ಸೆಕೆಂಡು. ಅಂದರೆ ಒಂದಕ್ಕೆ 1.8 ಸೆಕೆಂಡು. ರಿಕಾರ್ಡ್ ಕೂರುವ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅದು ಒಂದು ಸುತ್ತು ಮುಗಿಸಲು ತೆಗೆದುಕೊಳ್ಳುವುದು ಅಷ್ಟೇ ಹೊತ್ತು. ಬೇರೆ ರಿಕಾರ್ಡ್ ಹಾಕಿದರೂ ಅದೇ. 45ಕ್ಕೆ ಏರಿಸಿದರೆ ಸದ್ದೂ ಬೇಗ ಬೇಗ ಬರುತ್ತಿತ್ತು. ಹಾಗಾದರೆ ದೋಷ ರಿಕಾರ್ಡಿನದಲ್ಲ. ಮೋಟರಿನದೂ ಅಲ್ಲ, ಅದು ಸೆಕೆಂಡಿಗೆ ಇಪ್ಪತ್ತಕ್ಕಿಂತ ಜಾಸ್ತಿ ಸುತ್ತುತ್ತದೆ. ತಟ್ಟೆಯನ್ನು ತಿರುಗಿಸುವ ರಬ್ಬರ್ ಚಕ್ರದ್ದಾಗಿದ್ದರೆ ತಟ್ಟೆಯ ಒಂದು ಸುತ್ತಿನಲ್ಲಿ ಹಲವು ಸಲ ಬರಬೇಕಿತ್ತು. ಉಳಿದದ್ದು ಒಂದೇ, ತಟ್ಟೆ ನಿಂತಿರುವ ಬೇರಿಂಗ್.

ಈ ರಿಕಾರ್ಡ್ ಪ್ಲೇಯರ್ ನಮ್ಮ ಕಾಕಾ ಅವರದು. ಲೆಂಕೊ ಎಲ್ 75. ಸ್ವಿಟ್ಜರ್‌ಲ್ಯಾಂಡಿನ ಬರ್ಗ್‌ಡಾರ್ಫ್ ಎಂಬ ಊರಿನಲ್ಲಿ 1946ರಲ್ಲಿ ಶುರುವಾದ ಕಂಪನಿ ಲೆಂಕೊ. ಕಾಕಾ ಮುಂಬೈಯಲ್ಲಿ ನೌಕರಿಗಿದ್ದಾಗ ಚೋರ್ ಬಜಾರಿನಲ್ಲಿ ಹಳೆಯದನ್ನೇ ಕೊಂಡು, ಹಾಸಿಗೆಯಲ್ಲಿ ಸುತ್ತಿ, ರೈಲಿನಲ್ಲಿ ಕಲಬುರಗಿಗೆ ತಂದಿದ್ದರು. ಸೀಟಿನ ಕೆಳಗಿಡಲು ಮನಸ್ಸು ಬರದೆ ಸೊಲ್ಲಾಪುರ ದಾಟುವ ತನಕ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರಂತೆ. ಅದರ ತಟ್ಟೆಯೊಂದೇ ಸುಮಾರು 4 ಕೆಜಿ ಇದೆ. ಕಾಕಾ ತೀರಿಕೊಂಡ ಮೇಲೆ ಕಾಕು ಅದನ್ನು ನನಗೆ ಕೊಟ್ಟರು. "ನೀನೇ ಇಟ್ಕೋ ತಮ್ಮಾ, ಸುಮ್ನೆ ಧೂಳ ತಿನ್ಲಿಕತ್ಯದ" ಅಂದರು.

ಲೆಂಕೊ ತಿರುಗುವ ರೀತಿ ಬೇರೆಯವುಗಳ ಹಾಗಲ್ಲ. ಬೆಲ್ಟ್ ಇಲ್ಲ. ಮೋಟರಿನ ಶಾಫ್ಟು ಮಲಗಿಕೊಂಡಿರುತ್ತದೆ, ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಅದರ ಮೇಲೆ ಕೂತ ರಬ್ಬರ್ ಚಕ್ರ ನೆಟ್ಟಗೆ ನಿಂತು ತಟ್ಟೆಯ ಅಡಿಯನ್ನು ಕೆಳಗಿನಿಂದ ಒತ್ತಿ ತಿರುಗಿಸುತ್ತದೆ. ಚಕ್ರವನ್ನು ದಪ್ಪದ ಕಡೆ ಸರಿಸಿದರೆ ವೇಗ ಜಾಸ್ತಿ, ಸಣ್ಣ ಕಡೆ ಸರಿಸಿದರೆ ಕಡಿಮೆ. 16ರಿಂದ 78ರ ತನಕ ಯಾವ ವೇಗ ಬೇಕಾದರೂ ಸಿಗುತ್ತದೆ. ನನಗಂತೂ ಇದು ಬಹಳ ಚೆಂದದ ಏರ್ಪಾಡು. ಆದರೆ ಒಂದು ಮಾತಿದೆ. ಚಕ್ರ ತಟ್ಟೆಯನ್ನು ಒಂದೇ ಪಕ್ಕದಲ್ಲಿ ಮೇಲಕ್ಕೆ ಒತ್ತುತ್ತದಲ್ಲ, ಆಗ ತಟ್ಟೆಯ ನಡುವಿನ ಶಾಫ್ಟು ಸ್ವಲ್ಪ ಓರೆಯಾಗಲು ನೋಡುತ್ತದೆ. ಆ ಶಾಫ್ಟನ್ನು ಸುತ್ತ ಹಿಡಿದಿರುವ ಕಂಚಿನ ಬಳೆಗಳಿಗೆ ಬುಶ್ಶು ಅನ್ನುತ್ತಾರೆ. ಮೇಲಿನ ಬುಶ್ಶು ಒಂದು ಕಡೆ ಸವೆಯುತ್ತದೆ, ಕೆಳಗಿನದು ಅದರ ಎದುರು ಕಡೆ. ಅರ್ಧ ಗಂಟೆಗೆ ಸಾವಿರ ಸುತ್ತು. ದಿನಕ್ಕೆ ಒಂದು ಗಂಟೆ ಕೇಳಿದರೂ ವರ್ಷಕ್ಕೆ 7 ಲಕ್ಷ ದಾಟುತ್ತದೆ. ಕಾಕಾ ದಿನಕ್ಕೆ ಒಂದು ಗಂಟೆ ಕೇಳಿ ಬಿಡುವವರಲ್ಲ.

ಬೇರಿಂಗ್ ಅಂದಾಗ ನನಗೆ ಅಜ್ಜಿಯ ಬೀಸುಕಲ್ಲು ನೆನಪಾಗುತ್ತದೆ. ಕೆಳಗಿನ ಕಲ್ಲಿನ ನಡುವೆ ಒಂದು ಗೂಟ. ಮೇಲಿನ ಕಲ್ಲು ಆ ಗೂಟದ ಸುತ್ತ ತಿರುಗಬೇಕು. ಗೂಟ ಸವೆದರೆ ಕಲ್ಲು ಓಲಾಡುತ್ತದೆ, ಜೋಳದ ಹಿಟ್ಟು ಒಂದು ಕಡೆ ನುಣ್ಣಗೆ, ಒಂದು ಕಡೆ ತರಿತರಿ. ಅಜ್ಜಿ ಬೀಸುತ್ತ ಪದ ಹೇಳುತ್ತಿದ್ದಳು. ಕಲ್ಲು ಓಲಾಡಿದ ದಿನ ಪದ ನಿಲ್ಲಿಸಿ ಗೂಟಕ್ಕೆ ಬಟ್ಟೆ ಸುತ್ತುತ್ತಿದ್ದಳು. ಕಲ್ಲು ಸಮ ತಿರುಗಿದರೇನೇ ಪದ ಸಮ ಬರುತ್ತಿತ್ತು. ರಿಕಾರ್ಡಿನಲ್ಲೂ ಅಷ್ಟೇ. ಎಲ್‌ಪಿಯ ಗೆರೆ ಹೆಚ್ಚೂ ಕಡಿಮೆ ಕೂದಲಿನಷ್ಟು ಅಗಲ. ದನಿ ಅನ್ನುವುದು ಆ ಗೆರೆಯ ಗೋಡೆಯಲ್ಲಿರುವ, ಕಣ್ಣಿಗೆ ಕಾಣದ ಏರಿಳಿತ. ಸೂಜಿಗೆ ಹಾಡಿನ ಅಲುಗಾಟ ಯಾವುದು, ತಟ್ಟೆಯ ಅಲುಗಾಟ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಸ್ಪೀಕರಿಗೆ ಕಳಿಸಿಬಿಡುತ್ತದೆ.

ತಟ್ಟೆ ಎತ್ತಿ ನೋಡಿದೆ. ಶಾಫ್ಟಿನ ಮೇಲೆ ಕಪ್ಪಗೆ, ಬೆಲ್ಲದ ಪಾಕದ ಹಾಗೆ ಅಂಟಿದ ಹಳೆಯ ಎಣ್ಣೆ. ಇಲ್ಲಿ ನಾನೊಂದು ತಪ್ಪು ಮಾಡಿದೆ. ಬೇರಿಂಗಿನ ಕೊಳವೆಯನ್ನು ಬಿಚ್ಚಿ ರಾತ್ರಿಯಿಡೀ ಪೆಟ್ರೋಲಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಎರಡು ಹನಿ ಎಣ್ಣೆ ಬಿಟ್ಟು ತಿರುಗಿಸಿದರೆ ಗುರ್‌ ಹೋಗಿ ಕೀಚಲು ಸದ್ದು ಬಂತು. ಆ ಬುಶ್ಶುಗಳು ಎರಕದ ಕಂಚಲ್ಲ, ಕಂಚಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಕಾಯಿಸಿ ಮಾಡಿದವು. ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ಬುಶ್ಶಿನ ಗಾತ್ರದಲ್ಲಿ ಸುಮಾರು ಐದರಲ್ಲೊಂದು ಪಾಲು ಬರೀ ರಂಧ್ರವೇ ಇರುತ್ತದೆ, ಅದರ ತುಂಬ ಎಣ್ಣೆ ಹೀರಿಸಿರುತ್ತಾರೆ. ತಿರುಗುವಾಗ ಅದು ಬೆವರಿನ ಹಾಗೆ ಹೊರಬರುತ್ತದೆ, ನಿಂತಾಗ ಒಳಗೆ ಹೋಗುತ್ತದೆ. ನನ್ನ ಪೆಟ್ರೋಲು ಅದನ್ನೆಲ್ಲ ತೊಳೆದುಹಾಕಿತ್ತು. ಬಿಸಿ ಎಣ್ಣೆಯಲ್ಲಿ ನೆನೆಸಿದರೆ ಮತ್ತೆ ಹೀರುತ್ತದೆ. ಆದರೆ ಸವೆದ ಬುಶ್ಶು ಎಣ್ಣೆ ಕುಡಿದರೂ ಸವೆದದ್ದೇ ಅಲ್ವಾ?

ಇಡೀ ಬೇರಿಂಗನ್ನೇ ಹೊಸದು ತರಿಸಬಹುದಿತ್ತು. ವಿದೇಶದಲ್ಲಿ ಮಾಡುತ್ತಾರೆ, ಚೆನ್ನಾಗಿಯೂ ಮಾಡುತ್ತಾರೆ. ಅದರ ಬೆಲೆಗೆ ನಮ್ಮಲ್ಲಿ ಒಂದು ಹಳೆಯ ಸ್ಕೂಟರ್ ಬರುತ್ತದೆ. ಬೆಲೆ ಒಂದು ಮಾತು. ಅದಕ್ಕಿಂತ ದೊಡ್ಡ ಮಾತು, ಕಾಕಾ ಅವರ ಶಾಫ್ಟು ಚೆನ್ನಾಗಿಯೇ ಇತ್ತು. ಉಗುರು ಎಳೆದರೆ ಒಂದು ಗೀರೂ ಸಿಗುತ್ತಿರಲಿಲ್ಲ. ಗಟ್ಟಿ ಉಕ್ಕು ಉಳಿದಿದೆ, ಮೆತ್ತಗಿನ ಕಂಚು ಸವೆದಿದೆ. ಸವೆಯಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಸವೆದದ್ದನ್ನು ಬದಲಿಸಬೇಕು, ಉಳಿದದ್ದನ್ನು ಯಾಕೆ ಎಸೆಯಬೇಕು?

ಹುಮನಾಬಾದ್ ರಸ್ತೆಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಹತ್ತಿರ ಒಬ್ಬ ಚಾಚಾ ಲೋಹ ಕಡೆಯುವ ಲೇತ್ ಇಟ್ಟುಕೊಂಡಿದ್ದಾರೆ. ಹರೆಯದಲ್ಲಿ ಎಂ.ಎಸ್.ಕೆ. ಬಟ್ಟೆ ಮಿಲ್ಲಿನ ವರ್ಕ್‌ಶಾಪಿನಲ್ಲಿದ್ದವರು. ಮಿಲ್ ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಅವರ ಬಳಿ ಬರುವುದು ಬೋರ್‌ವೆಲ್ ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಬುಶ್ಶು, ತೊಗರಿ ದಾಲ್ ಮಿಲ್ಲಿನ ರೋಲರು. ನಾನು ಸುತ್ತಿ ತಂದಿದ್ದ ಬಟ್ಟೆಯ ಗಂಟು ಬಿಚ್ಚಿ ಕೊಳವೆ, ಶಾಫ್ಟು ಎರಡನ್ನೂ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಶಾಫ್ಟನ್ನು ಕೊಳವೆಯೊಳಗೆ ಬಿಟ್ಟು, ಎರಡು ಬೆರಳಿನಲ್ಲಿ ಆಚೆ ಈಚೆ ಅಲುಗಾಡಿಸಿದರು.

"ಇದು ಎಷ್ಟು ಸುತ್ತು ತಿರುಗತದ?"

"ನಿಮಿಷಕ್ಕ ಮೂವತ್ಮೂರು ಚಾಚಾ."

"ಬರೀ ಮೂವತ್ಮೂರು?" ಅವರು ತಲೆ ಎತ್ತಿ ನೋಡಿದರು. "ನಾವು ಮಿಲ್‌ನ್ಯಾಗ ಸ್ಪಿಂಡಲ್ ಮಾಡ್ತಿದ್ದಿವಿ, ಸಾವಿರ ಸಾವಿರ ತಿರುಗೋವು. ಇದಕ್ಕ್ಯಾಕ ಇಷ್ಟು ಚಿಂತಿ?"

ನಾನು ತಂಬೂರಿಯ ಮಾತು ಹೇಳಿದೆ. ಆ ಗುರ್‌ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದೆ. ಅವರು ನಗಲಿಲ್ಲ. ಮಗನಿಗೆ ಲೇತ್ ಬಂದ್ ಮಾಡು ಅಂದರು. ಡಯಲ್ ಗೇಜ್ ಹಚ್ಚಿ ಶಾಫ್ಟನ್ನು ಮೆಲ್ಲಗೆ ದೂಡಿದರು. ಮುಳ್ಳು 4 ಥೌ ಸರಿಯಿತು. ಇಂಚಿನ ಸಾವಿರದಲ್ಲಿ ನಾಲ್ಕು ಭಾಗ, ಅಂದರೆ ಸುಮಾರು 0.1 ಮಿಮೀ. ಟ್ರ್ಯಾಕ್ಟರಿನವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎಲ್‌ಪಿಯ ಗೆರೆಯ ಅಗಲ ಇದರ ಅರ್ಧದಷ್ಟು.

"ಒಂದು ಥೌಕ್ಕ ತರ್ತೀನಿ," ಅಂದರು ಚಾಚಾ. "ಅದಕ್ಕಿಂತ ಬಿಗಿ ಬ್ಯಾಡ. ಎಣ್ಣಿ ನಿಲ್ಲಾಕ ಜಾಗ ಬೇಕು."

ಗನ್ ಮೆಟಲ್ ಅನ್ನುವ ಎರಕದ ಕಂಚಿನ ಸರಳಿನಿಂದ ಎರಡು ಬುಶ್ ತೆಗೆದರು. ಹಳೆಯವನ್ನು ಸುತ್ತಿಗೆಯಿಂದ ಬಡಿಯಲಿಲ್ಲ. ಕೊಳವೆಗೆ ಸರಿಯಾಗಿ ಮೆಟ್ಟಿಲು ತೆಗೆದ ಒಂದು ಕಂಬಿ ತಯಾರಿಸಿಕೊಂಡು, ವೈಸಿನಲ್ಲಿ ಮೆಲ್ಲಗೆ ಒತ್ತಿ ಹೊರಗೆ ಹಾಕಿದರು. ಅದೇ ಕಂಬಿಯಿಂದ ಹೊಸವನ್ನು ಕೂರಿಸಿದರು. ಬಿಗಿಯಾಗಿ ಕೂತಾಗ ಬುಶ್ಶಿನ ತೂತು ಚೂರು ಕುಗ್ಗುತ್ತದೆ, ಅದಕ್ಕೆ ಮೊದಲೇ ಅಳತೆಗೆ ತರಬಾರದು. ಕೂರಿಸಿದ ಮೇಲೆಯೇ ರೀಮರ್, ಅಂದರೆ ತೂತನ್ನು ಚೂರುಚೂರೇ ಕೆರೆದು ಅಳತೆಗೆ ತರುವ ಉಳಿ, ಹಾಕಬೇಕು. ಅದೂ ಮೇಲಿನದಕ್ಕೆ ಒಮ್ಮೆ, ಕೆಳಗಿನದಕ್ಕೆ ಒಮ್ಮೆ ಅಲ್ಲ. ಉದ್ದನೆಯ ಒಂದೇ ರೀಮರ್ ಎರಡನ್ನೂ ಹಾಯ್ದು ಹೋಗಬೇಕು. ಆಗಲೇ ಎರಡೂ ತೂತು ಒಂದೇ ನೇರದಲ್ಲಿ ಬರುವುದು.

ಆ ಹೊತ್ತು ನನ್ನ ಕಣ್ಣಲ್ಲೇ ಇದೆ. ಮೋಟರ್ ಹಾಕಲಿಲ್ಲ. ರೀಮರಿಗೆ ಹಿಡಿ ಕಟ್ಟಿ ಕೈಯಲ್ಲೇ ತಿರುಗಿಸಿದರು. ಒಂದು ಹನಿ ಎಣ್ಣೆ, ಕಾಲು ಸುತ್ತು. ಮತ್ತೆ ಕಾಲು ಸುತ್ತು. ಹಿಂದಕ್ಕೆ ಮಾತ್ರ ಒಮ್ಮೆಯೂ ತಿರುಗಿಸಲಿಲ್ಲ, ಹಾಗೆ ಮಾಡಿದರೆ ಅಲಗು ಮೊಂಡಾಗುತ್ತದೆ, ತೂತಿನ ಮೈ ಗೀರಾಗುತ್ತದೆ. ಕಂಚಿನ ಪುಡಿ ಅರಿಶಿಣದ ಹಾಗೆ ಉದುರಿ ಅವರ ಬೆರಳ ಸಂದಿಯಲ್ಲಿ ಕೂತಿತು. ಪ್ರತಿ ಸಲ ಒರೆಸಿ ಶಾಫ್ಟು ಬಿಟ್ಟು ನೋಡುವರು. ಮೊದಲು ಒಳಗೆ ಹೋಗಲೇ ಇಲ್ಲ. ಆಮೇಲೆ ಅರ್ಧ ಹೋಯಿತು. ಕೊನೆಗೆ ಕೊಳವೆಯ ತಳವನ್ನು ಹೆಬ್ಬೆರಳಿನಿಂದ ಮುಚ್ಚಿ ಶಾಫ್ಟು ಬಿಟ್ಟರು. ಬೀಳಲಿಲ್ಲ. ಒಳಗಿನ ಗಾಳಿಯ ಮೇಲೆ ಕೂತ ಹಾಗೆ ನಿಂತು, ಮೆಲ್ಲಮೆಲ್ಲಗೆ ಇಳಿಯಿತು. ಹೆಬ್ಬೆರಳು ತೆಗೆದರೆ ಸರ್‌ ಅಂತ ಜಾರಿತು. ಚಾಚಾ ಮೂರು ಸಲ ಹಾಗೆ ಮಾಡಿದರು. ಮೂರನೆಯದು ನನಗಾಗಿ ಅಲ್ಲ, ಅವರ ಖುಷಿಗೆ ಅನಿಸಿತು.

ಗನ್ ಮೆಟಲ್ಲಿನಲ್ಲಿ ಹಳೆಯ ಬುಶ್ಶಿನ ಹಾಗೆ ರಂಧ್ರವಿಲ್ಲ, ಎಣ್ಣೆ ಹಿಡಿದಿಡುವುದಿಲ್ಲ. ಅದಕ್ಕೆ ಒಳಮೈಗೆ ಸುರುಳಿಯಾಗಿ ಒಂದು ಗಾಡಿ, ಅಂದರೆ ಸಣ್ಣ ಕಾಲುವೆಯಂಥ ಗೀರು, ತೆಗೆಯೋಣ ಅಂದರು. ತಳದ ಎಣ್ಣೆ ಆ ಗಾಡಿ ಹಿಡಿದು ಮೇಲೆ ಬರಬೇಕು. ಯಾವ ದಿಕ್ಕಿಗೆ ತೆಗೆಯಬೇಕು ಅನ್ನುವುದಕ್ಕೆ ಅರ್ಧ ಗಂಟೆ ಹೋಯಿತು. ತಟ್ಟೆ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಶಾಫ್ಟು ಎಣ್ಣೆಯನ್ನು ಅದೇ ದಿಕ್ಕಿಗೆ ಎಳೆಯುತ್ತದೆ. ಗಾಡಿಯೂ ಆ ದಿಕ್ಕಿಗೆ ಹೋಗುತ್ತಾ ಮೇಲೇರಬೇಕು. ನಾವು ಪೆನ್ಸಿಲ್ಲಿಗೆ ದಾರ ಸುತ್ತಿ ನೋಡಿದೆವು. ಸಾಮಾನ್ಯ ಸ್ಕ್ರೂವಿನ ಥ್ರೆಡ್ ಹಾಗೆ ತೆಗೆದರೆ ಎಣ್ಣೆ ಕೆಳಗೇ ಇಳಿಯುತ್ತದೆ. ಎಡಥ್ರೆಡ್ ಬೇಕು. ಚಾಚಾ ದಾರವನ್ನು ಬಿಚ್ಚಿ, ಮತ್ತೆ ಸುತ್ತಿ, ತಲೆ ಆಡಿಸಿದರು. ಮೇಲಿನ ಅಂಚಿಗೆ ಒಂದು ಸೂತು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಬಾಕಿ ಇರುವಾಗ ಗಾಡಿ ನಿಲ್ಲಿಸಿದರು. ಇಲ್ಲದಿದ್ದರೆ ಎಣ್ಣೆ ಉಕ್ಕಿ ತಟ್ಟೆಯ ಅಡಿಗೆ ಹರಿದು ರಬ್ಬರ್ ಚಕ್ರ ಜಾರುತ್ತದೆ.

ಇನ್ನು ಉಳಿದದ್ದು ತಳ. 4 ಕೆಜಿ ಭಾರವೆಲ್ಲ ಬಂದು ಕೂರುವುದು ಒಂದು ಸಣ್ಣ ಗುಂಡಿನ ಮೇಲೆ, ಆ ಗುಂಡು ಕೂರುವುದು ಒಂದು ಬಿಲ್ಲೆಯ ಮೇಲೆ. ಬುಗುರಿಯ ಮೊಳೆ ನೆಲ ಮುಟ್ಟುವ ಹಾಗೆ. ಮುಟ್ಟುವ ಜಾಗ ಎಷ್ಟು ಸಣ್ಣದೋ ಅಷ್ಟು ಹಗುರ ತಿರುಗುತ್ತದೆ. ಆದರೆ ಅಷ್ಟೂ ಭಾರ ಆ ಒಂದೇ ಚುಕ್ಕೆಯ ಮೇಲೆ. ಹಳೆಯ ಬಿಲ್ಲೆಯ ನಡುವೆ ಗುಂಡು ಕೂತು ಕೂತು ಗುಣಿ ಬಿದ್ದಿತ್ತು. ಬೆಳಕಿಗೆ ಹಿಡಿದರೆ ಗುಣಿಯ ಅಂಚು ಒಂದು ಕಡೆ ಹರಿದ ಹಾಗೆ ಕಾಣುತ್ತಿತ್ತು. ಆ ಗುರ್‌ ಸದ್ದಿನಲ್ಲಿ ಇದರ ಪಾಲೂ ಇತ್ತು ಅಂತ ನನ್ನ ನಂಬಿಕೆ.

ಇದಕ್ಕಾಗಿ ಆನ್‌ಲೈನಿನಲ್ಲಿ ಒಂದು ಸೆಟ್ ತರಿಸಿದ್ದೆ. ಸೆರಾಮಿಕ್ ಗುಂಡು, ಜೊತೆಗೆ ಕಂಚಿನ ಬಿಲ್ಲೆ. ಗಾಜಿನ ಮೇಲಿಟ್ಟು ಒಂದು ಅಂಚು ಒತ್ತಿದರೆ ಬಿಲ್ಲೆ ಟಕ್ ಅನ್ನುತ್ತಿತ್ತು, ಸಮ ಇರಲಿಲ್ಲ. ಚಾಚಾ ಅದನ್ನು ಗಾಜಿನ ಮೇಲೆ ವಾಟರ್ ಪೇಪರ್ ಅನ್ನುವ ಉಜ್ಜುಕಾಗದ ಹಾಸಿ ಉಜ್ಜಿ ಸಮ ಮಾಡಿದರು. ಹಾಕಿ ಕೇಳಿದೆ. ಓಲಾಟ ಹೋಗಿತ್ತು. ಆದರೆ ದೂರದಲ್ಲಿ ಮರಳು ಜರಡಿ ಹಿಡಿದ ಹಾಗೆ ಬಹಳ ಸಣ್ಣ ಸದ್ದು ಉಳಿಯಿತು. ಕಂಚು ಉಕ್ಕಿಗಿಂತ ಮೆತ್ತಗೆ ನಿಜ, ಆದರೂ ಈ ಗುಂಡಿನ ಕೆಳಗೆ ಅದೂ ಗಟ್ಟಿಯೇ. ಎರಡೂ ಗಟ್ಟಿ ಪದಾರ್ಥ ಒಂದಕ್ಕೊಂದು ಉಜ್ಜಿದರೆ ಸದ್ದು ಹುಟ್ಟದೆ ಎಲ್ಲಿ ಹೋಗುತ್ತದೆ? ಒಂದು ಗಟ್ಟಿ ಇರಬೇಕು, ಒಂದು ಮೆತ್ತಗಿರಬೇಕು. ಟೆಫ್ಲಾನ್ ಹಾಕಿ ಅಂತ ಕೆಲವರು ಹೇಳುತ್ತಾರೆ. ಅದು ಬಹಳ ಜಾರುವ ವಸ್ತು ಹೌದು, ಆದರೆ ಭಾರ ಬಿದ್ದಲ್ಲಿ ಮೇಣದ ಹಾಗೆ ನಿಧಾನಕ್ಕೆ ಹರಿದು ತಗ್ಗಾಗುತ್ತದೆ. ನಾವು ಡೆಲ್ರಿನ್ ಅನ್ನುವ ಪ್ಲಾಸ್ಟಿಕ್ಕಿನ ಸರಳಿನಿಂದ ಬಿಲ್ಲೆ ತೆಗೆದೆವು. ಜರಡಿಯ ಸದ್ದು ನಿಂತಿತು. ಅದರ ಮೇಲೆ ಸೆರಾಮಿಕ್ ಗುಂಡು ಹಾಕಿ ಕೇಳಿದೆ, ಬೇರಿಂಗ್ ಅಂಗಡಿಯಲ್ಲಿ ಸಿಗುವ ಹೊಸ ಉಕ್ಕಿನ ಗುಂಡು ಹಾಕಿಯೂ ಕೇಳಿದೆ. ಸೆರಾಮಿಕ್ ಉಕ್ಕಿಗಿಂತ ಗಟ್ಟಿ, ತೂಕ ಅರ್ಧಕ್ಕಿಂತ ಕಡಿಮೆ. ಆದರೂ ಮೆತ್ತಗಿನ ಬಿಲ್ಲೆಯ ಮೇಲೆ ಎರಡಕ್ಕೂ ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ. ಉಕ್ಕಿನದನ್ನೇ ಬಿಟ್ಟಿದ್ದೇನೆ. ಯಾರಾದರೂ ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ: ದುಡ್ಡು ಗುಂಡಿಗೆ ಹಾಕಬೇಡಿ, ಬುಶ್ಶಿನ ಅಳತೆಗೆ ಹಾಕಿ.

ಎಣ್ಣೆಯ ವಿಷಯಕ್ಕೆ ನಮ್ಮೂರಿನ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಹೊಲಿಗೆ ಯಂತ್ರದ ಎಣ್ಣೆ ಚಳಿಗಾಲದಲ್ಲಿ ಸರಿಯೇ. ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ದಾಟಿದಾಗ ಅದು ನೀರಿನ ಹಾಗಾಗುತ್ತದೆ, ಶಾಫ್ಟಿಗೂ ಬುಶ್ಶಿಗೂ ನಡುವೆ ನಿಲ್ಲುವುದಿಲ್ಲ. ಎತ್ತಿನ ಗಾಡಿಯ ಕೀಲೆಣ್ಣೆಯ ಹಾಗೆ ದಪ್ಪದ್ದು ಹಾಕಿದರೆ ಡಿಸೆಂಬರ್ ಬೆಳಿಗ್ಗೆ ತಟ್ಟೆ ವೇಗ ಹಿಡಿಯಲು ಹೆಣಗುತ್ತದೆ. ಎರಡರ ನಡುವಿನ ಟರ್ಬೈನ್ ಎಣ್ಣೆ ಹಾಕಿದ್ದೇನೆ. ಗಾಡಿ ಇಂಜಿನ್ನಿನ ಎಣ್ಣೆ ಬೇಡ, ಅದರಲ್ಲಿ ಕೊಳೆ ಬಿಡಿಸುವ ಪದಾರ್ಥಗಳು ಸೇರಿರುತ್ತವೆ, ಇಲ್ಲಿ ಅವಕ್ಕೆ ಕೆಲಸವಿಲ್ಲ. ಇನ್ನೊಂದು, ನಮ್ಮ ಕಡೆಯ ಎರೆಮಣ್ಣಿನ ಧೂಳು. ಅದು ಎಣ್ಣೆಗೆ ಬಿದ್ದರೆ ಉಜ್ಜುವ ಪುಡಿಯಾಗುತ್ತದೆ. ತಟ್ಟೆ ಎತ್ತಿದಾಗಲೆಲ್ಲ ಕೊಳವೆಯ ಬಾಯಿಗೆ ಬಟ್ಟೆ ಮುಚ್ಚುವುದು ಈಗ ನನಗೆ ರೂಢಿ.

ಮೇಜಿನ ಮೇಲೆ ಶಹಾಬಾದಿನ ಪರಸಿ ಕಲ್ಲೊಂದನ್ನು ಹಾಸಿದ್ದೇನೆ, ಒಂದೂವರೆ ಇಂಚು ದಪ್ಪದ್ದು. ನಮ್ಮ ಮನೆಯ ನೆಲಕ್ಕೂ ಅದೇ ಕಲ್ಲು. ಮೇಸ್ತ್ರಿಯ ಬಳಿ ರಸಮಟ್ಟ ಇಸಕೊಂಡು ಬಂದು, ಕಲ್ಲಿನ ಮೇಲೆ ಅಲ್ಲ, ತಟ್ಟೆಯ ಮೇಲೆಯೇ ಇಟ್ಟು ಸಮ ಮಾಡಿದೆ. ಶಾಫ್ಟು ನೆಟ್ಟಗೆ ನಿಂತರೇನೇ ಭಾರ ಗುಂಡಿನ ಮೇಲೆ ಬೀಳುತ್ತದೆ, ಓರೆಯಾದರೆ ಬುಶ್ಶಿನ ಮೇಲೆ.

ಚಾಚಾ ಒಂದು ಭಾನುವಾರ ಮನೆಗೆ ಬಂದರು. ಚಹಾ ಆಮೇಲೆ ಅಂದರು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ತಟ್ಟೆ ತಿರುಗುತ್ತಿರುವಾಗ ಅದರ ತುದಿಯನ್ನು ಬೇರಿಂಗಿನ ಪಕ್ಕದ ತಗಡಿಗೆ ಹಚ್ಚಿ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ನಿಂತಿದ್ದರು. "ಮೋಟರ್ ಕೇಳತದ," ಅಂದರು. "ನನ್ನ ಬುಶ್ ಕೇಳವಲ್ದು." ಮೋಟರಿನ ಸದ್ದು ನಿಜವೇ. ಅದರ ಸ್ಪ್ರಿಂಗು ಹಳತಾಗಿವೆ, ಅದು ಮುಂದಿನ ಕೆಲಸ. ರಬ್ಬರ್ ಚಕ್ರ ಬಿಡಿಸಿ ತಟ್ಟೆಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿ ಬಿಟ್ಟರು. ಮೊದಲು ಇದು ಒಂದು ನಿಮಿಷಕ್ಕೆ ನಿಲ್ಲುತ್ತಿತ್ತು. ಈಗ ನಾವು ಚಹಾ ಕುಡಿದು ಲೋಟ ಇಡುವ ತನಕ ತಿರುಗುತ್ತಲೇ ಇತ್ತು. ಹೋಗುವಾಗ ಹಳೆಯ ಎರಡು ಬುಶ್ಶುಗಳನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟರು. "ಇಟ್ಕೋರಿ. ಅಷ್ಟು ವರ್ಷ ದುಡದಾವ."

ಮರುವಾರ ಕಾಕು ಬಂದಿದ್ದರು. ಸಂಜೆ ಕರೆಂಟ್ ಇತ್ತು, ಗಾಳಿಯೂ ತಂಪಾಗಿತ್ತು, ಫ್ಯಾನ್ ಬೇಕಿರಲಿಲ್ಲ. ಮನ್ಸೂರರ ರಿಕಾರ್ಡ್ ಒರೆಸಿ ಇಟ್ಟು ಸೂಜಿ ಇಳಿಸಿದೆ. ಗೆರೆಯ ಸಣ್ಣ ಚಟಪಟ, ಆಮೇಲೆ ತಂಬೂರಿ. ಅದರ ಕೆಳಗೆ ಏನೂ ಇರಲಿಲ್ಲ. ತಂತಿಯ ನಾದ ಹರಡಿ, ತೆಳುವಾಗಿ, ಇನ್ನೇನು ಮುಗಿಯಿತು ಅನ್ನುವ ತನಕ ಕೇಳುತ್ತಿತ್ತು. ಅಷ್ಟು ದೂರದ ತನಕ ಅದು ಹೋಗುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ದನಿ ಬಂತು. ಕಾಕು ಮಂಚದ ಅಂಚಿಗೆ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೈ ಎತ್ತಿದರು.

"ತಮ್ಮಾ, ಹಾಡು ಆಮ್ಯಾಲ ಕೇಳೋಣು. ಆ ತಂಬೂರಿ ಅಷ್ಟು ಇನ್ನೊಮ್ಮಿ ಹಚ್ಚು."

ನಾನು ಎದ್ದು ಸೂಜಿಯನ್ನು ಎತ್ತಿ ಮತ್ತೆ ಅಂಚಿಗೆ ತಂದಿಟ್ಟೆ.